ಮೌಲಾಸಾಬರ ಎದೆಬಡಿತ

ಮೌಲಾಸಾಬ ನದಾಫರು ಗದಗಿನಲ್ಲಿ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದವರು. ಯಕೃತ್ತಿನ ಕ್ಯಾನ್ಸರಿಗೆ ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಶಸ್ತ್ರಚಿಕಿತ್ಸೆ ನಡೆಯುತ್ತಿದ್ದಾಗ ಮೇಜಿನ ಮೇಲೆಯೇ ತೀರಿಕೊಂಡರು. ಅವರನ್ನು ಊರಿಗೆ ಒಯ್ದು ಮಣ್ಣು ಮಾಡಿದ್ದೂ ಆಯಿತು. ಆದರೆ ಅದೇ ಆಸ್ಪತ್ರೆಯ ಮೇಲಿನ ಮಹಡಿಯಲ್ಲಿ, ತರಬೇತಿ ಕೇಂದ್ರದ ತಣ್ಣಗಿನ ಕೋಣೆಯಲ್ಲಿ, ಅವರು ಮತ್ತೆ ಮತ್ತೆ ಸಾಯುತ್ತಲೇ ಇದ್ದರು.

ಆ ಹೊತ್ತಿಗೆ ರೋಗಿಯ ಪಡಿಯಚ್ಚು ತೆಗೆಯುವ ವಿದ್ಯೆ ನಮ್ಮ ಕಡೆಗೂ ಬಂದಿತ್ತು. ಶಸ್ತ್ರಚಿಕಿತ್ಸೆಗೆ ಮುಂಚಿನ ಕೆಲವು ದಿನ ರೋಗಿಯ ಎದೆಗೂ ಹೊಟ್ಟೆಗೂ ತೆಳ್ಳಗಿನ ಪಟ್ಟಿಯೊಂದನ್ನು ಕಟ್ಟುತ್ತಿದ್ದರು. ಸ್ಕ್ಯಾನು ತೋರಿಸಿದ ಆಕಾರಕ್ಕೆ ಆ ಪಟ್ಟಿ ಕೊಟ್ಟ ವಿವರಗಳು ಸೇರುತ್ತಿದ್ದವು: ಯಕೃತ್ತು ಎಷ್ಟು ಮೆತ್ತಗಿದೆ, ಯಾವ ನಾಳದಲ್ಲಿ ರಕ್ತ ಎಷ್ಟು ಒತ್ತಿ ಹರಿಯುತ್ತದೆ, ಹೃದಯ ಹೇಗೆ ಬಡಿಯುತ್ತದೆ. ಎಲ್ಲ ಕೂಡಿ ಯಂತ್ರದೊಳಗೆ ಆ ಮನುಷ್ಯನ ಹೊಟ್ಟೆಯೇ ಇನ್ನೊಮ್ಮೆ ಹುಟ್ಟುತ್ತಿತ್ತು. ಕೊಯ್ದರೆ ರಕ್ತ ಬರುತ್ತಿತ್ತು, ಎಳೆದರೆ ಹರಿಯುತ್ತಿತ್ತು. ನಿಜವಾದ ದೇಹವನ್ನು ಮುಟ್ಟುವ ಮೊದಲು ವೈದ್ಯರು ಅದರ ಮೇಲೆ ಅಭ್ಯಾಸ ಮಾಡಿಕೊಳ್ಳುತ್ತಿದ್ದರು. ಆಮೇಲೆ, ಮನೆಯವರು ಒಪ್ಪಿದರೆ, ಪಡಿಯಚ್ಚು ಕಲಿಯುವವರ ಪಾಲಿಗೆ ಉಳಿಯುತ್ತಿತ್ತು.

ಹಾಗೆ ಕಲಿಯಲು ಬಂದವರಲ್ಲಿ ಡಾಕ್ಟರ್ ದಾಕ್ಷಾಯಣಿ ಅಂಗಡಿ ಒಬ್ಬಳು. ಸಾಮಾನ್ಯ ಶಸ್ತ್ರಚಿಕಿತ್ಸೆಯಲ್ಲಿ ಅವಳ ಕೈ ಪಳಗಿತ್ತು. ಈಗ ಅವಳು ಕಲಿಯುತ್ತಿದ್ದದ್ದು ದುರ್ಬೀನಿನ ಆಪರೇಶನ್ ಎಂದು ಜನ ಕರೆಯುವಂಥದು. ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು ಮಾಡಿ, ಒಳಗೆ ಗಾಳಿ ತುಂಬಿ ಉಬ್ಬಿಸಿ, ಒಂದರಿಂದ ಕ್ಯಾಮೆರಾ, ಉಳಿದವುಗಳಿಂದ ಉದ್ದನೆಯ ಸಲಕರಣೆ ಇಳಿಸಿ, ಪರದೆ ನೋಡಿಕೊಂಡು ಗಡ್ಡೆ ತೆಗೆಯಬೇಕು. ಯಕೃತ್ತಿನಲ್ಲಿ ಇದು ಎಲ್ಲಕ್ಕಿಂತ ಕಠಿಣ. ಅದು ರಕ್ತ ಹೀರಿದ ಸ್ಪಂಜಿನಂಥ ಅಂಗ. ಅದರ ಬೆನ್ನಿಗೆ, ಹೃದಯಕ್ಕೆ ತೀರ ಹತ್ತಿರದಲ್ಲಿ, ಹಿರಿಯ ಸಿರೆಗಳಿವೆ. ಅಲ್ಲಿ ಒಂದು ಎಳೆಯಷ್ಟು ಹರಿದರೂ ಪರದೆ ಕ್ಷಣದಲ್ಲಿ ಕೆಂಪಾಗುತ್ತದೆ. ತುಂಬಿಸಿದ ಗಾಳಿ ಆ ಬಾಯಿಯಿಂದ ಒಳಹೊಕ್ಕು ಹೃದಯಕ್ಕೆ ಹೋಗಿಬಿಡಬಹುದು.

ಮೌಲಾಸಾಬರ ಗಡ್ಡೆ ಇದ್ದದ್ದು ಅಲ್ಲಿಯೇ, ಸಿರೆಗೆ ಅಂಟಿಕೊಂಡು. ಶಸ್ತ್ರಚಿಕಿತ್ಸೆ ಮಾಡಿದವರು ಕೇಂದ್ರದ ಮುಖ್ಯಸ್ಥರಾದ ಡಾಕ್ಟರ್ ವಾದಿರಾಜ ಕಟ್ಟಿ. ಆ ಪಡಿಯಚ್ಚನ್ನು ತರಬೇತಿಗೆ ಇಟ್ಟವರೂ ಅವರೇ. "ಇವರು ನನ್ನ ಕೈಯಾಗ ಹೋದವರು, ನಿಮ್ಮ ಕೈಯಾಗ ಉಳೀಲಿ" ಎಂದು ಪ್ರತಿ ಹೊಸ ತಂಡಕ್ಕೂ ಹೇಳುತ್ತಿದ್ದರು. ಯಾರ ಕೈಯಲ್ಲೂ ಉಳಿದಿರಲಿಲ್ಲ.

ಯಂತ್ರದಲ್ಲಿ ರೋಗಿಯ ಎದೆಬಡಿತ ಕೇಳಿಸುತ್ತಿತ್ತು. ಆಪರೇಶನ್ ಕೋಣೆಯ ಬೀಪ್ ಬೀಪ್ ಅಲ್ಲ, ಎದೆಗೆ ಕಿವಿಯಿಟ್ಟರೆ ಕೇಳುವ ಸಪ್ಪಳವೇ. ಸಲಕರಣೆಯ ಹಿಡಿಯಲ್ಲೂ ಅದು ಸಣ್ಣಗೆ ಮಿಡಿಯುತ್ತಿತ್ತು. ಸಿರೆಯ ಹತ್ತಿರ ಹೋದಂತೆ ಆ ಮಿಡಿತ ಬಲವಾಗಿ, ಕಲಿಯುವವನಿಗೆ ಅಪಾಯ ಬೆರಳಿನಲ್ಲಿಯೇ ತಿಳಿಯಲಿ ಎಂಬುದು ಕಟ್ಟಿಯವರ ಯೋಚನೆ. ಮೌಲಾಸಾಬರ ಹೃದಯಕ್ಕೆ ಒಂದು ರೂಢಿಯಿತ್ತು: ನಾಲ್ಕು ಸಲ ಬಡಿದು ಒಂದು ಬಡಿತ ಬಿಡುತ್ತಿತ್ತು. ಹಲವರಿಗೆ ಹಾಗಿರುತ್ತದೆ, ಅದರಿಂದ ತೊಂದರೆಯೇನಿಲ್ಲ. ಆದರೆ ಆ ಬಿಡುವಿನಲ್ಲಿ ಕೈ ತಾನಾಗಿ ನಿಲ್ಲುತ್ತಿತ್ತು. ಮುಂದಿನ ಬಡಿತ ಬಂದ ಮೇಲೆಯೇ ಉಸಿರಾಡುವುದು ದಾಕ್ಷಾಯಣಿಗೆ ಅಭ್ಯಾಸವಾಗಿಹೋಯಿತು.

ಆದರೂ ಪ್ರತಿ ಸಲವೂ ಸಿರೆ ಹರಿದುಬಿಡುತ್ತಿತ್ತು. ಬಡಿತ ಓಡುತ್ತಿತ್ತು, ಸಣ್ಣದಾಗುತ್ತಿತ್ತು, ನಿಲ್ಲುತ್ತಿತ್ತು. ಪರದೆಯ ಮೂಲೆಯಲ್ಲಿ 'ಮೊದಲಿನಿಂದ' ಎಂಬ ಗುಂಡಿ ಹಸಿರಾಗುತ್ತಿತ್ತು. ಒತ್ತಿದರೆ ಮೌಲಾಸಾಬರು ಮತ್ತೆ ಬದುಕಿ ಮಲಗಿರುತ್ತಿದ್ದರು.

ವರ್ಷಕ್ಕೊಮ್ಮೆ ಕೇಂದ್ರದವರು ಪಡಿಯಚ್ಚು ಕೊಟ್ಟವರ ಮನೆಯವರನ್ನು ಕರೆದು ಊಟ ಹಾಕಿ, ಶಾಲು ಹೊದಿಸಿ, ಯಂತ್ರಗಳನ್ನು ತೋರಿಸುತ್ತಿದ್ದರು. ಆ ಸಲ ಬಂದವರಲ್ಲಿ ಮೌಲಾಸಾಬರ ಹೆಂಡತಿ ಹುಸೇನಬಿಯೂ ಇದ್ದಳು. ಅರವತ್ತರ ಆಸುಪಾಸಿನ, ತೆಳ್ಳನೆಯ ಹೆಂಗಸು. ಯಾವ ಯಂತ್ರದಲ್ಲಿ ಯಾರಿದ್ದಾರೆಂದು ಮನೆಯವರಿಗೆ ಹೇಳಬಾರದೆಂಬ ನಿಯಮವಿತ್ತು, ಯಾರೂ ಹೇಳಿರಲಿಲ್ಲ. ಸಾಲಾಗಿ ನಡೆಯುತ್ತಿದ್ದವಳು ಎದೆಬಡಿತ ಕೇಳಿಬರುತ್ತಿದ್ದ ಒಂದು ಕೋಣೆಯ ಮುಂದೆ ನಿಂತುಬಿಟ್ಟಳು.

"ಇವರು ನಮ್ಮ ಮನಿಯವರು" ಎಂದಳು.

ಪಕ್ಕದಲ್ಲಿದ್ದ ದಾಕ್ಷಾಯಣಿ ಅವಳ ಕಡೆ ತಿರುಗಿದಳು.

"ಇದರ ಮ್ಯಾಲ ತಲಿ ಇಟ್ಟು ಮಲಗಿದಾಕಿ ನಾ" ಎಂದಳು ಹುಸೇನಬಿ. "ಈ ಬಿಡೂದು ಕೇಳಿ ಮೊದಮೊದಲು ಹೆದರತಿದ್ದೆ. ಎಬ್ಬಸತಿದ್ದೆ. ಅವರು ನಗತಿದ್ರು."

ಅವಳು ಸೋಮವಾರ ಸೋಮವಾರ ಬಂದು ಕೇಳಿ ಹೋಗಬಹುದೇ ಎಂದು ಕಟ್ಟಿಯವರನ್ನು ಕೇಳಿದಳು. ಅವರು ಇಲ್ಲವೆನ್ನಲಿಲ್ಲ. ಆ ಮಧ್ಯಾಹ್ನಗಳಲ್ಲಿ ಯಾರೂ ಆ ಯಂತ್ರ ಮುಟ್ಟಬಾರದೆಂದಾಯಿತು. ಹುಸೇನಬಿ ಗದಗಿನಿಂದ ರೈಲಿನಲ್ಲಿ ಬಂದು, ಕುರ್ಚಿಯಲ್ಲಿ ಕೂತು, ಕಣ್ಣು ಮುಚ್ಚಿ ಕೇಳುತ್ತಿದ್ದಳು. ಹೋಗುವಾಗ "ಬರ್ತೀನಿ" ಎಂದು ಹೇಳಿ ಹೋಗುತ್ತಿದ್ದಳು. ಅದು ಯಾರಿಗೆ ಹೇಳಿದ್ದೆಂದು ಯಾರೂ ಕೇಳಲಿಲ್ಲ.

ದಾಕ್ಷಾಯಣಿಯ ಮನೆ ವಿದ್ಯಾನಗರದಲ್ಲಿ. ಗಂಡ ಸಂಗಮೇಶ ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಿದ್ದ. ಅತ್ತೆ ಚೆನ್ನವ್ವ ಗಟ್ಟಿಮುಟ್ಟಾದ ಮುದುಕಿ, ರೊಟ್ಟಿಯನ್ನು ಇನ್ನೊಬ್ಬರ ಕೈಗೆ ಬಿಟ್ಟವಳಲ್ಲ. ಒಂದು ಭಾನುವಾರ ದಾಕ್ಷಾಯಣಿ ಪಡಸಾಲೆಯಲ್ಲಿ ಕೂತು ಬಟ್ಟೆ ಮಡಿಸುತ್ತಿದ್ದಳು. ಅಡುಗೆಮನೆಯಲ್ಲಿ ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ನಾಲ್ಕು ಬಡಿತ, ರೊಟ್ಟಿ ತಿರುಗಿಸಲು ಒಂದು ಬಿಡುವು, ಮತ್ತೆ ನಾಲ್ಕು. ದಾಕ್ಷಾಯಣಿಯ ಕೈ ನಿಂತಿತು. ತವೆಗೆ ಹಾಕಲು ಅತ್ತೆ ಎದ್ದಾಗ ಬಿಡುವು ಉದ್ದವಾಯಿತು. ದಾಕ್ಷಾಯಣಿ ಓಡಿಹೋಗಿ ಬಾಗಿಲಲ್ಲಿ ನಿಂತಳು.

"ಏನಾತವಾ, ಮಾರಿ ಯಾಕ ಬೆಳ್ಳಗಾಗೈತಿ?" ಎಂದಳು ಚೆನ್ನವ್ವ.

"ಏನಿಲ್ರಿ. ಸಪ್ಪಳ ನಿಂತಂಗಾತು."

"ರೊಟ್ಟಿ ಸುಡೂದು ಬ್ಯಾಡೇನು?"

ಇಂಥವು ಹೆಚ್ಚಾದವು. ಮಧ್ಯಾಹ್ನ ನಿದ್ದೆ ಹೋದ ಅತ್ತೆಯ ಬೆನ್ನಿಗೆ ಅವಳು ಕಿವಿಯಿಡುತ್ತಿದ್ದಳು. ಸಂಗಮೇಶ ಪೇಪರು ಓದುತ್ತಿದ್ದರೆ ಅವನ ಮಣಿಕಟ್ಟು ಹಿಡಿದು ಕೂರುತ್ತಿದ್ದಳು. ಅವನು ಮೊದಲು ಪ್ರೀತಿಯೆಂದು ತಿಳಿದ. ಅವಳ ತುಟಿ ಅಲುಗುವುದನ್ನು ಕಂಡು, ಅವಳು ಎಣಿಸುತ್ತಿದ್ದಾಳೆಂದು ಗೊತ್ತಾದ ಮೇಲೆ ಮೆಲ್ಲಗೆ ಕೈ ಬಿಡಿಸಿಕೊಂಡ.

"ನಾವೆಲ್ಲಾ ಇಲ್ಲೆ ಅದೀವಿ, ದಾಕ್ಷಿ" ಎಂದ.

"ಗೊತ್ತೈತಿ" ಎಂದಳು ಅವಳು.

ಒಂದು ಗುರುವಾರ ಹುಸೇನಬಿಯ ತಂಗಿಯ ಮಗಳಿಗೆ ಅದೇ ಆಸ್ಪತ್ರೆಯಲ್ಲಿ ಹೆರಿಗೆಯಾಯಿತು. ಕೂಸು ನೋಡಲು ಬಂದವಳು, ಇಲ್ಲೇ ಇದ್ದೇನಲ್ಲ ಎಂದು, ಹೇಳದೆ ಕೇಳದೆ ಮೇಲೆ ಹತ್ತಿದಳು. ದಾಕ್ಷಾಯಣಿ ಬಾಗಿಲಿಗೆ ಬೆನ್ನು ಮಾಡಿ ಯಂತ್ರದ ಮುಂದೆ ನಿಂತಿದ್ದಳು. ಆ ದಿನ ಎಂದಿಗಿಂತ ಮುಂದೆ ಹೋಗಿದ್ದಳು. ಗಡ್ಡೆಯ ಮೂರು ಬದಿ ಬಿಡಿಸಿಯಾಗಿತ್ತು, ಸಿರೆಯ ಕಡೆಯದೊಂದು ಉಳಿದಿತ್ತು. ಸಲಕರಣೆಯ ತುದಿ ಕೂದಲೆಳೆಯಷ್ಟು ಜಾರಿತು. ಪರದೆ ಕೆಂಪಾಯಿತು. ಅವಳು ಒತ್ತಿ ಹಿಡಿದಳು, ಹೊಲಿಗೆ ಹಾಕಲು ನೋಡಿದಳು, ರಕ್ತದಲ್ಲಿ ಸೂಜಿ ಕಾಣಲಿಲ್ಲ. ಬಡಿತ ಓಡಿತು. ಸಣ್ಣದಾಯಿತು. ನಿಂತಿತು.

ಹಿಂದೆ ಯಾರೋ ಉಸಿರು ಎಳೆದುಕೊಂಡದ್ದು ಕೇಳಿ ತಿರುಗಿದಳು.

"ಯಾಕ ನಿಂತ್ತು?" ಎಂದಳು ಹುಸೇನಬಿ.

ಯಂತ್ರ ಕೆಟ್ಟಿದೆ ಎಂದುಬಿಡಬಹುದಾಗಿತ್ತು. ದಾಕ್ಷಾಯಣಿ ಅದನ್ನು ಹೇಳಲೆಂದೇ ಬಾಯಿ ತೆರೆದಳು. ಆದರೆ ಹೊರಬಂದದ್ದು ಬೇರೆ.

"ನನ್ನ ಕೈ ತಪ್ಪಿತ್ರಿ."

"ಅಂದ್ರ ಈಗ ಹೋದ್ರು."

"ಇದು ಅವರಲ್ರಿ, ಅವ್ವಾರ. ಅವರ ಅಚ್ಚು ಅಷ್ಟ."

"ಅಷ್ಟು ತಿಳೀತೈತಿ ನನಗ." ಹುಸೇನಬಿ ಗೋಡೆ ಹಿಡಿದು ಕುರ್ಚಿಯಲ್ಲಿ ಕೂತಳು. "ಹಿಂಗ ಭಾಳ ಸಲ ಆಗೈತೇನು?"

"ಆಗೈತ್ರಿ."

"ಬರೇ ನಿನ್ನ ಕೈಯಾಗ?"

"ಎಲ್ಲಾರ ಕೈಯಾಗೂ."

"ಒಮ್ಮೇನೂ ಉಳದಿಲ್ಲ?"

ದಾಕ್ಷಾಯಣಿ ಇಲ್ಲವೆಂದು ತಲೆಯಾಡಿಸಿದಳು. ಹಸಿರು ಗುಂಡಿ ಮಿನುಗುತ್ತಿತ್ತು. ಅದನ್ನು ಒತ್ತಲು ಅವಳಿಗೆ ಧೈರ್ಯವಾಗಲಿಲ್ಲ.

"ಡಾಕ್ಟರು ಕಲಿಯಾಕ ಬೇಕು ಅಂದಾಗ ನಾ ಹ್ಞೂಂ ಅಂದೆ" ಎಂದಳು ಹುಸೇನಬಿ. "ಕಲತ ಮ್ಯಾಲ ಅವರು ಇಲ್ಲೆ ಸುಖದಾಗ ಇರ್ತಾರ ಅಂತ ತಿಳದಿದ್ದೆ. ಸಾಯಾಕ ಬಿಟ್ಟೀನಿ ಅಂತ ಗೊತ್ತಿದ್ದಿಲ್ಲ. ಒಮ್ಮ್ಯಾರ ಉಳಸವಾ. ಒಮ್ಮ್ಯಾರ ಉಳಸು."

ಅವಳು ಹೋದ ಮೇಲೆ ದಾಕ್ಷಾಯಣಿ ಗುಂಡಿ ಒತ್ತಿದಳು. ಬಡಿತ ಮತ್ತೆ ಶುರುವಾಯಿತು. ಆ ದಿನ ಅವಳು ಸಲಕರಣೆ ಮುಟ್ಟಲಿಲ್ಲ, ಪರದೆಯನ್ನೇ ನೋಡುತ್ತ ಕೂತಳು. ಎಲ್ಲರೂ ಇಲ್ಲಿಯವರೆಗೆ ಕೇಳಿದ್ದು ಒಂದೇ ಪ್ರಶ್ನೆ: ಸಿರೆ ಹರಿಯದ ಹಾಗೆ ಬಿಡಿಸುವುದು ಹೇಗೆ. ಅವಳಿಗೆ ಈಗ ಇನ್ನೊಂದು ಹೊಳೆಯಿತು. ನಿಜವಾದ ರೋಗಿ ಮುಂದಿದ್ದರೆ, ಸಿರೆ ಹರಿದ ಗಳಿಗೆಯಲ್ಲಿ ಅವಳು ಏನು ಮಾಡುತ್ತಿದ್ದಳು? ಸಲಕರಣೆ ಬದಿಗಿಟ್ಟು, ಚಾಕು ತೆಗೆದುಕೊಂಡು, ಹೊಟ್ಟೆ ತೆರೆದು, ಕೈಯಿಂದಲೇ ಒತ್ತಿ ಹಿಡಿಯುತ್ತಿದ್ದಳು. ಹಳೆಯ ಪದ್ಧತಿ. ದೊಡ್ಡ ಗಾಯ, ತಿಂಗಳುಗಟ್ಟಲೆ ನೋವು. ಆದರೆ ಕೈಗೆ ರಕ್ತದ ಬಾಯಿ ಸಿಗುತ್ತದೆ, ತುಂಬಿದ ಗಾಳಿ ಹೊರಗೆ ಹೋಗುತ್ತದೆ. ಯಂತ್ರದಲ್ಲಿ ಚಾಕುವಿಗಾಗಿ ಹುಡುಕಿದಳು. ಇರಲಿಲ್ಲ. ದುರ್ಬೀನಿನ ಆಪರೇಶನ್ ಕಲಿಸುವ ಯಂತ್ರದಲ್ಲಿ ಹೊಟ್ಟೆ ತೆರೆಯುವ ದಾರಿಯನ್ನು ಯಾರೂ ಇಟ್ಟೇ ಇರಲಿಲ್ಲ.

ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದವಳು ಐರಿನ್ ಡಿಸಿಲ್ವಾ, ಮಂಗಳೂರಿನವಳು. ಅವಳು ಕೇಳಿಸಿಕೊಂಡು, "ಮಾಡಬಹುದು ಡಾಕ್ಟ್ರೇ, ಸ್ವಲ್ಪ ದಿನ ಬೇಕು. ಆದರೆ ಕಟ್ಟಿ ಸರ್ ಹೇಳದೆ ನಾನು ಮುಟ್ಟುವುದಿಲ್ಲ" ಎಂದಳು.

ಕಟ್ಟಿಯವರು ಮೊದಲು ಒಪ್ಪಲಿಲ್ಲ.

"ಹೊಟ್ಟಿ ತೆರದು ಮಾಡೋದನ್ನ ಎಲ್ಲಾ ಕಡೆ ಕಲಸ್ತಾರ. ಅದನ್ನ ಬಿಟ್ಟು ಮುಂದ ಹೋಗ್ಲಿಕ್ಕೆ ನಾವು ಈ ಕೇಂದ್ರ ಮಾಡೇವಿ. ತೆರೀಲಿಕ್ಕೆ ದಾರಿ ಕೊಟ್ರ ಎಲ್ಲಾರೂ ಅಂಜಿ ಅದನ್ನ ಹಿಡೀತಾರ."

"ಸರ್, ಅಂಜಬೇಕಾದಲ್ಲಿ ಅಂಜೂದನ್ನೂ ಕಲೀಬೇಕಲ್ರಿ" ಎಂದಳು ದಾಕ್ಷಾಯಣಿ. "ಈ ಯಂತ್ರದ ಮುಂದ ಇಷ್ಟು ದಿನ ನಿಂತು ನಾ ಏನು ಕಲತೀನಿ ಹೇಳ್ರಿ? ರಕ್ತ ಹರಿದ್ರೂ ತೂತಿನಾಗಿಂದ ಕೈ ತಗೀಬಾರದು ಅಂತ ಕಲತೀನಿ. ನಾಳೆ ಖರೇ ಮನಷ್ಯಾನ ಮುಂದ ನನ್ನ ಕೈ ಹಂಗ ಮಾಡತೈತಿ."

ಕಟ್ಟಿಯವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, "ಐರಿನ್‌ಗೆ ಮಾಡು ಅಂತ ಹೇಳು" ಎಂದರು.

ದಾರಿ ಸಿದ್ಧವಾದ ದಿನ ಅವರೂ ಬಂದು ಹಿಂದೆ ನಿಂತರು. ದಾಕ್ಷಾಯಣಿ ಎಂದಿನಂತೆ ತೂತುಗಳಿಂದಲೇ ಆರಂಭಿಸಿದಳು. ಮೂರು ಬದಿ ಬಿಡಿಸಿದಳು. ನಾಲ್ಕನೆಯ ಬದಿಯಲ್ಲಿ ಸಿರೆ ಹರಿಯಿತು. ಪರದೆ ಕೆಂಪಾಗುತ್ತಿದ್ದಂತೆ ಅವಳು ಸಲಕರಣೆ ಬಿಟ್ಟು ಚಾಕು ಕೇಳಿದಳು. ಒಂದೇ ಎಳೆತಕ್ಕೆ ಹೊಟ್ಟೆ ತೆರೆಯಿತು. ಐರಿನ್ ಹೊಸದಾಗಿ ಜೋಡಿಸಿದ ಕೈಗವಸಿನೊಳಗೆ ಯಕೃತ್ತಿನ ಬಿಸಿ, ಭಾರ, ಜಾರಿಕೆ ಎಲ್ಲ ಬಂತು. ಬೆರಳಿಗೆ ಸಿರೆಯ ಬಾಯಿ ಸಿಕ್ಕಿತು, ಒತ್ತಿ ಹಿಡಿದಳು. ಓಡುತ್ತಿದ್ದ ಬಡಿತ ಸಣ್ಣದಾಯಿತು. ನಿಲ್ಲಲಿಲ್ಲ. ಸಣ್ಣದಾಗಿಯೇ ನಡೆಯಿತು. ಹೊಲಿಗೆ ಕೂತಿತು. ಗಡ್ಡೆ ಹೊರಬಂತು. ಅವಳು ಹೊಟ್ಟೆ ಮುಚ್ಚುವ ಹೊತ್ತಿಗೆ ನಾಲ್ಕು ಬಡಿತ, ಒಂದು ಬಿಡುವು, ಮತ್ತೆ ನಾಲ್ಕು ಎಂದು ಕೋಣೆ ತುಂಬಿತ್ತು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ದಾಕ್ಷಾಯಣಿ ತಿರುಗಿ ನೋಡಿದಾಗ ಕಟ್ಟಿಯವರು ಹುಸೇನಬಿ ಕೂರುತ್ತಿದ್ದ ಕುರ್ಚಿಯಲ್ಲಿ ಕೂತಿದ್ದರು. ಮುಖ ಬೂದಿಯ ಬಣ್ಣವಾಗಿತ್ತು.

"ಸೋಮವಾರ ಆಕಿಗೆ ನಾನ ಹೇಳ್ತೀನಿ" ಎಂದರು.

ಸೋಮವಾರದವರೆಗೆ ಯಂತ್ರವನ್ನು ಯಾರೂ ಮುಟ್ಟಲಿಲ್ಲ. ಉಳಿದ ರೋಗಿಯನ್ನು ಏನು ಮಾಡಬೇಕೆಂಬುದು ಯಂತ್ರಕ್ಕೂ ಗೊತ್ತಿರಲಿಲ್ಲ. ಅದು ಸುಮ್ಮನೆ ಬಡಿಯುತ್ತಿತ್ತು. ಸ್ವಚ್ಛ ಮಾಡಲು ಬಂದವರು ಆ ಕೋಣೆಯಲ್ಲಿ ಮೆಲುದನಿಯಲ್ಲಿ ಮಾತಾಡತೊಡಗಿದರು, ಯಾರೋ ಮಲಗಿದ್ದಾರೆಂಬಂತೆ.

ಹುಸೇನಬಿ ಬಂದು ಕೂತಳು. ಪರದೆಯಲ್ಲಿ ಹೊಲಿದ ಹೊಟ್ಟೆ ಕಾಣುತ್ತಿತ್ತು.

"ಉಳದಾರ" ಎಂದರು ಕಟ್ಟಿಯವರು.

ಅವಳ ಕಣ್ಣು ತುಂಬಿದವು. ಸೆರಗಿನಿಂದ ಒರೆಸಿಕೊಂಡು ದಾಕ್ಷಾಯಣಿಯ ಕೈ ಹಿಡಿದಳು. "ಏನ ಮಾಡಿದ್ಯವಾ ಈ ಸಲ?"

ದಾಕ್ಷಾಯಣಿ ಕಟ್ಟಿಯವರ ಕಡೆ ನೋಡಿದಳು.

"ಹೊಟ್ಟಿ ತೆರದ್ವಿ" ಎಂದರು ಅವರು.

"ಆವತ್ತು ತೆರದಿದ್ದಿಲ್ಲ ನೀವು."

"ಇಲ್ಲ."

"ತೆರೀಬಹುದಿತ್ತೇನು?"

"ತೆರೀಬಹುದಿತ್ತು. ಇನ್ನೊಂದು ಹೊಲಿಗಿ, ಇನ್ನೊಂದು ಹೊಲಿಗಿ, ತೂತಿನಾಗ ಮುಗಸ್ತೀನಿ ಅಂತ ನಿಂತೆ. ತೆರದಿದ್ರ ಖಾತ್ರಿ ಉಳೀತಿದ್ರು ಅಂತ ನಾ ಹೇಳ್ಲಾರೆ. ಆದ್ರ ನಾ ತೆರೀಲಿಲ್ಲ."

ಹುಸೇನಬಿ ಹಿಡಿದ ಕೈ ಬಿಡಲಿಲ್ಲ. ನೋಟ ಪರದೆಯ ಮೇಲಿತ್ತು.

"ಗೀರೂ ಕಾಣಾಂಗಿಲ್ಲ, ಲಗೂನ ಎದ್ದು ಹತ್ತಿ ಹಿಂಜ್ತಾರ ಅಂದಿದ್ರಿ" ಎಂದಳು. "ನಾವೂ ಹಿಗ್ಗಿದ್ವಿ. ಹೊಟ್ಟಿ ಕೊಯ್ಯಾಂಗಿಲ್ಲಂತ, ಸಣ್ಣ ತೂತಂತ ಅಂತ ಓಣಿ ತುಂಬ ಹೇಳಿದ್ರು ಅವರು."

ಕಟ್ಟಿಯವರು ತಲೆ ತಗ್ಗಿಸಿದರು. ಅವಳು ಬೈಯಲೆಂದು ಅವರು ಕಾಯುತ್ತಿದ್ದಂತಿತ್ತು. ಅವಳು ಬೈಯಲಿಲ್ಲ.

"ಇನ್ನ ಇವರನ್ನ ಏನ ಮಾಡ್ತೀರಿ?"

"ಕಲಿಯೋ ಹುಡುಗರು ಬರ್ತಾರ" ಎಂದರು ಕಟ್ಟಿಯವರು ಕಷ್ಟಪಟ್ಟು. "ಇಂಥಾ ಗಡ್ಡೆ ಇರೋ ಮಂದಿ ಇನ್ನೂ ಭಾಳ ಇದ್ದಾರ. ನೀವು ಬ್ಯಾಡ ಅಂದ್ರ ಅಳಿಸಿಬಿಡ್ತೀವಿ."

ಅವಳು ನಾಲ್ಕು ಬಡಿತ, ಒಂದು ಬಿಡುವು, ಮತ್ತೆ ನಾಲ್ಕು ಕೇಳಿದಳು.

"ಅಳಸಬ್ಯಾಡ್ರಿ. ಲಿವರ್ ನೀವು ಇಟ್ಕೋರಿ, ಕಲೀರಿ. ಈ ಸಪ್ಪಳ ಅಷ್ಟು ನನಗ ಕೊಟ್ಟು ಬಿಡ್ರಿ. ಇನ್ನೊಮ್ಮೆ ಇದು ನಿಲ್ಲಬಾರದು."

ಐರಿನ್ ಯಂತ್ರದಿಂದ ಎದೆಬಡಿತವನ್ನು ಪೂರ್ತಿ ತೆಗೆದು, ಒಂದು ಪ್ರತಿಯನ್ನೂ ಉಳಿಸಿಕೊಳ್ಳದೆ, ಕುಂಕುಮದ ಡಬ್ಬಿಯಷ್ಟು ದೊಡ್ಡದಾದ ಒಂದು ಪೆಟ್ಟಿಗೆಯಲ್ಲಿ ತುಂಬಿ ಕೊಟ್ಟಳು. ಹುಸೇನಬಿ ಅದನ್ನು ಸೆರಗಿನೊಳಗೆ ಇಟ್ಟುಕೊಂಡು ಇಳಿದು ಹೋದಳು. ಮುಂದಿನ ಸೋಮವಾರ ಬರಲಿಲ್ಲ. ಆಮೇಲೆಯೂ ಬರಲಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ದಾಕ್ಷಾಯಣಿ ತಾನೇ ರೋಗಿಗಳನ್ನು ನೋಡತೊಡಗಿದ್ದಳು. ಲಕ್ಷ್ಮೇಶ್ವರದ ಶಾಲಾ ಶಿಕ್ಷಕಿ ಶಕುಂತಲಾ ಹಡಪದಗೆ ಹೆಚ್ಚುಕಡಿಮೆ ಅದೇ ಜಾಗದಲ್ಲಿ ಗಡ್ಡೆಯಿತ್ತು. ಆಪರೇಶನ್ ನಡುವೆ ಸಿರೆಯ ಬದಿಗೆ ಬಂದಾಗ ಅಂಗಾಂಶ ಕೈಗೆ ಬಿಟ್ಟುಕೊಡದೆ ಎಳೆಯಿತು. ಇನ್ನೂ ರಕ್ತ ಬಂದಿರಲಿಲ್ಲ. ದಾಕ್ಷಾಯಣಿಗೆ ಕಿವಿಯೊಳಗೆ ನಾಲ್ಕು ಬಡಿತ ಕೇಳಿದವು, ಆಮೇಲೆ ಬಿಡುವು. ಅವಳು ಆ ಬಿಡುವಿನಲ್ಲಿ ಚಾಕು ಕೇಳಿದಳು. ಶಕುಂತಲಾಗೆ ದೊಡ್ಡ ಗಾಯವಾಯಿತು, ಬಹಳ ದಿನ ಹಾಸಿಗೆ ಹಿಡಿದಳು, ಕೆಮ್ಮಿದರೆ ಅಳುತ್ತಿದ್ದಳು. ಆದರೆ ಬದುಕಿ ಮನೆಗೆ ಹೋದಳು.

ಆ ವರ್ಷ ಕಟ್ಟಿಯವರು ಚಾಕು ಹಿಡಿಯುವುದನ್ನು ಬಿಟ್ಟರು. ಹೊಸ ತಂಡಕ್ಕೆ ಕಲಿಸುವ ಕೆಲಸ ದಾಕ್ಷಾಯಣಿಯ ಪಾಲಿಗೆ ಬಂತು. ಜಾಣ ಹುಡುಗ ಹುಡುಗಿಯರು, ಅವಳಿಗಿಂತ ಚುರುಕು ಕೈಗಳು. ಆದರೆ ಮೌಲಾಸಾಬರ ಯಂತ್ರ ಈಗ ಮೂಕವಾಗಿತ್ತು. ಪರದೆಯಲ್ಲಿ ಯಕೃತ್ತು ಮಿಡಿಯುತ್ತಿತ್ತು, ಸಪ್ಪಳವಿರಲಿಲ್ಲ. ಹುಡುಗರು ಸಿರೆಯನ್ನು ಹರಿಯುತ್ತಿದ್ದರು, ಹೊಟ್ಟೆ ತೆರೆಯಲು ದಾರಿಯಿದ್ದರೂ ಇನ್ನೊಂದು ಹೊಲಿಗೆ ನೋಡೋಣವೆಂದು ನಿಲ್ಲುತ್ತಿದ್ದರು, ಸೋತರೆ ಹಸಿರು ಗುಂಡಿ ಒತ್ತುತ್ತಿದ್ದರು. ಮಲ್ಲಿನಾಥನೆಂಬ ಹುಡುಗ ಒಂದು ದಿನ ಎಡಗೈಯಲ್ಲಿ ಗಿರಮಿಟ್ ತಿನ್ನುತ್ತ ಬಲಗೈಯಿಂದ ಗುಂಡಿ ಒತ್ತಿದ್ದನ್ನು ದಾಕ್ಷಾಯಣಿ ಕಂಡಳು. ಅವನಲ್ಲಿ ಕೆಟ್ಟತನವಿರಲಿಲ್ಲ. ಅಲ್ಲಿ ಯಾರಾದರೂ ಸತ್ತಿದ್ದಾರೆಂದು ಅವನಿಗೆ ಅನಿಸಿರಲೇ ಇಲ್ಲ.

ಐರಿನ್ ಒಂದು ಕೃತಕ ಬಡಿತ ಮಾಡಿ ಹಾಕಿದಳು. ಗಡಿಯಾರದಂತೆ ಸರಿಯಾಗಿ ಬಡಿಯುತ್ತಿದ್ದ ಅದಕ್ಕೆ ಯಾರೂ ಕಿವಿಗೊಡಲಿಲ್ಲ.

ದಾಕ್ಷಾಯಣಿ ರೈಲು ಹತ್ತಿ ಗದಗಿಗೆ ಹೋದಳು. ಹುಸೇನಬಿ ಓಣಿಯ ಕಟ್ಟೆಯ ಮೇಲೆ ಕೂತು ಗಾದಿಗೆ ಹೊಲಿಗೆ ಹಾಕುತ್ತಿದ್ದಳು. ಒಳಗೆ ಹಿಂಜಿದ ಹತ್ತಿಯ ರಾಶಿ. ಚಹಾ ಕೊಟ್ಟಳು, ಮನೆಯವರೆಲ್ಲರ ಆರೋಗ್ಯ ಕೇಳಿದಳು. ದಾಕ್ಷಾಯಣಿ ಸಂಕೋಚದಿಂದ ಬಂದ ಕಾರಣ ಹೇಳಿದಳು. ಆ ಸಪ್ಪಳವನ್ನು ಒಂದು ಪ್ರತಿ ಮಾಡಿಕೊಂಡು ವಾಪಸು ಕೊಡುತ್ತೇನೆ, ಅದಿಲ್ಲದೆ ಹುಡುಗರಿಗೆ ಜೀವದ ಭಯ ಬರುತ್ತಿಲ್ಲ ಎಂದಳು.

"ಅದು ನನ್ನ ಹತ್ರ ಇಲ್ಲವಾ" ಎಂದಳು ಹುಸೇನಬಿ.

"ಕಳೀತೇನ್ರಿ?"

"ಗೋರಿಗೆ ಹೋಗಿ ಮಣ್ಣು ಕೊಟ್ಟು ಬಂದೆ." ಸೂಜಿಯನ್ನು ಗಾದಿಗೆ ಚುಚ್ಚಿಟ್ಟಳು. "ಮನಿಯಾಗ ಇಟ್ಕೊಂಡು ನೋಡಿದೆ. ಮಗಾ ಸೊಸಿ ಅಂಜಿದ್ರು. ನನಗೂ ಎದ್ದು ಹೋಗಾಕ ಆಗತಿದ್ದಿಲ್ಲ, ಬಿಟ್ಟು ಹೋದ್ರ ಏನನ್ಕೋತಾರೋ ಅಂತ. ಕಡೀಕೆ ಒಯ್ದು ಅವರ ಮಗ್ಗಲದಾಗ ಮಣ್ಣಾಗ ಇಟ್ಟೆ."

"ಬಂದ್ ಮಾಡಿದ್ರೇನ್ರಿ?"

"ಬಂದ್ ಮಾಡಾಕ ಕೈ ಏಳಲಿಲ್ಲ. ಬಡಕೋತ ಇದ್ದದ್ದರ ಮ್ಯಾಲ ಮಣ್ಣು ಹಾಕಿದೆ. ಮ್ಯಾಲ ಕೈ ಇಟ್ಟು ಕುಂತೆ. ಭಾಳ ಹೊತ್ತು ಕೈಗೆ ಹತ್ತತಿತ್ತು. ಆಮ್ಯಾಲ ಅದು ನಿಂತ್ತೋ, ನನ್ನ ಕೈ ಜೋಮು ಹಿಡೀತೋ ಗೊತ್ತಾಗಲಿಲ್ಲ. ಎದ್ದು ಬಂದೆ."

ದಾಕ್ಷಾಯಣಿ ಚಹಾದ ಲೋಟ ಕೆಳಗಿಟ್ಟಳು. ಬೇಕಾದರೆ ಇನ್ನೊಂದು ಮನೆಯಿಂದ, ಇನ್ನೊಬ್ಬ ಸತ್ತವರ ಎದೆಬಡಿತ ಕೇಳಿ ತರಬಹುದಾಗಿತ್ತು. ಆ ಮನೆಯಲ್ಲೂ ಅದರ ಮೇಲೆ ತಲೆಯಿಟ್ಟು ಮಲಗಿದವರು ಒಬ್ಬರು ಇರುತ್ತಾರೆ. ರೈಲಿನಲ್ಲಿ ಮರಳುವಾಗ ಅವಳು ನಿರ್ಧಾರ ಮಾಡಿಕೊಂಡಳು.

ಕೆಲವು ದಿನ ಎದೆಗೆ, ಹೊಟ್ಟೆಗೆ ಪಡಿಯಚ್ಚು ತೆಗೆಯುವ ಪಟ್ಟಿ ಕಟ್ಟಿಕೊಂಡು ಓಡಾಡಿದಳು. ಚೆನ್ನವ್ವ ಬಟ್ಟೆಯ ಕೆಳಗೆ ಅದನ್ನು ಕಂಡು ಕೇಳಿದಾಗ ಇದ್ದದ್ದನ್ನು ಹೇಳಿದಳು. ಮುದುಕಿ ಅಡುಗೆಮನೆಯ ಹೊಸ್ತಿಲಲ್ಲೇ ಕೂತುಬಿಟ್ಟಳು.

"ಜೀವಂತ ಇದ್ದಾ‌ಕಿ ಹಿಂಗ ಕೊಟ್ಕೋಬಾರದವಾ" ಎಂದಳು. "ಅದು ಅಲ್ಲೆ ಸತ್ರ ಇಲ್ಲೆ ಏನಾರ ಆದ್ರ?"

"ಏನೂ ಆಗಾಂಗಿಲ್ರಿ ಅತ್ತಿ."

"ನಿನಗಲ್ಲ. ನಮಗ ಏನಾರ ಆದ್ರ?"

ಸಂಗಮೇಶ ಆ ಸಂಜೆ ತಾನಾಗಿ ಬಂದು ದಾಕ್ಷಾಯಣಿಯ ಪಕ್ಕದಲ್ಲಿ ಕೂತ.

ಐರಿನ್ ಆ ಪಡಿಯಚ್ಚಿನ ಆರೋಗ್ಯವಾದ ಯಕೃತ್ತಿನಲ್ಲಿ, ಸಿರೆಯ ಬದಿಗೆ, ಒಂದು ಗಡ್ಡೆ ಬೆಳೆಸಿದಳು.

ಯಂತ್ರದ ಮುಂದೆ ಮೊದಲು ನಿಂತವನು ಮಲ್ಲಿನಾಥ. ದಾಕ್ಷಾಯಣಿ ಅವನಿಗೆ, "ಇದು ನನ್ನದು. ನೋಡ್ಕೊಂಡು ಮಾಡ್ರಿ" ಎಂದಷ್ಟೇ ಹೇಳಿ ಹಿಂದಿನ ಕುರ್ಚಿಯಲ್ಲಿ ಕೂತಳು. ಬಡಿತ ಶುರುವಾಯಿತು. ಅದರಲ್ಲಿ ವಿಶೇಷವೇನೂ ಇರಲಿಲ್ಲ, ಸರಿಯಾದ, ತುಸು ಅವಸರದ ಬಡಿತ. ಆದರೂ ಅವಳಿಗೆ ಗುರುತು ಹತ್ತಿತು. ತನ್ನದೇ ದನಿಯನ್ನು ಬೇರೆ ಕೋಣೆಯಿಂದ ಕೇಳಿದಂತಾಯಿತು.

ಮಲ್ಲಿನಾಥ ಎಂದಿಗಿಂತ ನಿಧಾನವಾಗಿ ಕೆಲಸ ಮಾಡಿದ. ಬೆವರಿದ. ಮೂರು ಬದಿ ಬಿಡಿಸಿದ. ಸಿರೆಯ ಬದಿಯಲ್ಲಿ ಅವನ ಕೈ ತಡೆಯಿತು. ಅಲ್ಲಿಯೇ ಅವನು ಚಾಕು ಕೇಳಬೇಕಾಗಿತ್ತು. ಕೇಳಲೋ ಬೇಡವೋ ಎಂದು ಅವನು ನಿಂತದ್ದನ್ನು ಅವಳು ಅವನ ಬೆನ್ನಿನಲ್ಲೇ ಓದಿದಳು. ಬಾಯಿಯವರೆಗೆ ಬಂದ ಮಾತನ್ನು ನುಂಗಿದಳು. ಇಲ್ಲಿ ತಾನು ಹೇಳಿಕೊಟ್ಟರೂ ನಾಳೆ ನಿಜವಾದ ರೋಗಿಯ ಮುಂದೆ ಹೇಳಿಕೊಡುವವರು ಯಾರೂ ಇರುವುದಿಲ್ಲ.

ಸಿರೆ ಹರಿಯಿತು. ಅವನು ಚಾಕು ಕೇಳಿದ, ತಡವಾಗಿ. ಹೊಟ್ಟೆ ತೆರೆಯುವಷ್ಟರಲ್ಲಿ ಬಡಿತ ಓಡಿ ಓಡಿ ಸಣ್ಣದಾಗಿತ್ತು. ಅವಳು ಕುರ್ಚಿಯ ಕೈ ಹಿಡಿದು ತನ್ನ ಹೃದಯ ದೂರ ದೂರ ಹೋಗುವುದನ್ನು ಕೇಳಿದಳು. ಕೊನೆಯದೊಂದು ಬಡಿದು, ಇನ್ನೊಂದು ಬರಬಹುದೆಂದು ಇಬ್ಬರೂ ಕಾದರು. ಬರಲಿಲ್ಲ.

ಮಲ್ಲಿನಾಥ ಗುಂಡಿಯ ಕಡೆ ನೋಡಲಿಲ್ಲ. ಕೈಗವಸು ಕಳಚಿ ನೆಲಕ್ಕೆ ಬಿಟ್ಟು ತಿರುಗಿದ. ಅವಳ ಮುಂದೆ ಬಂದು ಮೊಣಕಾಲೂರಿ, ಕೇಳದೆಯೇ, ಅವಳ ಮಣಿಕಟ್ಟು ಹಿಡಿದ. ನಾಡಿ ಬಡಿಯುತ್ತಿತ್ತು. ಅದು ಅವನಿಗೂ ಸಿಕ್ಕಿತ್ತು, ಅವನ ಬೆರಳು ಸರಿಯಾದ ಜಾಗದಲ್ಲಿಯೇ ಇತ್ತು. ಆದರೂ ಅವನು ಕೈ ಬಿಡಲಿಲ್ಲ, ಅವಳೂ ಬಿಡಿಸಿಕೊಳ್ಳಲಿಲ್ಲ.